ಲಂಡನ್ನಿಗೆ ಪುರುಸೊತ್ತಿಲ್ಲ

1999ರ ಸೆಪ್ಟೆಂಬರಿನ ಒಂದು ಶುಕ್ರವಾರ, ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನ ಮಿಡಲ್ ಸ್ಕೂಲೊಂದರ ಇತಿಹಾಸದ ಮೇಷ್ಟ್ರು ಪಾಠದ ಮಧ್ಯದಲ್ಲೇ ಸೀಮೆಸುಣ್ಣ ಕೆಳಗಿಟ್ಟು ಹೊರಟುಹೋದರು. ನಾಯಿ ಬೆಕ್ಕುಗಳ ಊಟವನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಕಂಪನಿಯೊಂದು ಅವರನ್ನು ಕರೆದಿತ್ತಂತೆ. ಸೋಮವಾರ ಬೆಳಿಗ್ಗೆ ಅವರ ಜಾಗಕ್ಕೆ ಮೈಥಿಲಿ ಬಂದಳು.

ಮೈಥಿಲಿ ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇತಿಹಾಸ ಹೇಳಿದವಳು. ಅಲ್ಲಿ ಪಾಠವೆಂದರೆ ನೋಟ್ಸು. ಇವಳು ಹೇಳಬೇಕು, ಎಂಬತ್ತು ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಳ್ಳಬೇಕು. ಗಂಡ ಸುಘೋಷನ ಜೊತೆ ಅಮೆರಿಕಕ್ಕೆ ಬಂದು, ಕೆಲಸ ಮಾಡಲು ಕಾಗದಪತ್ರ ಸಿಗುವವರೆಗೆ ಮೂರು ವರ್ಷ ಅಪಾರ್ಟ್‌ಮೆಂಟಿನ ಗೋಡೆಗಳಿಗೆ ಪಾಠ ಮಾಡಿದ್ದಳು. ಪರವಾನಗಿ ಬಂದ ಮರುವಾರವೇ ಒಂದು ಪರೀಕ್ಷೆ ಬರೆದು ಬದಲಿ ಟೀಚರಾದಳು. ಬದಲಿ ಟೀಚರು ಒಂದೇ ತರಗತಿಯಲ್ಲಿ ಮೂವತ್ತು ದಿನ ಇರಬಹುದು. ಆಮೇಲೆ ಇಟ್ಟುಕೊಳ್ಳುವುದು ಬಿಡುವುದು ಜಿಲ್ಲೆಯ ಶಿಕ್ಷಣ ಕಚೇರಿಗೆ ಸೇರಿದ್ದು.

ಅವಳ ಪಾಲಿಗೆ ಬಂದದ್ದು ಹದಿನಾಲ್ಕನೇ ನಂಬರಿನ ಕೋಣೆ. ಶಾಲೆಯ ಮುಖ್ಯ ಕಟ್ಟಡದಿಂದ ದೂರ, ಹಿಂದಿನ ಬೇಲಿಗೆ ಒತ್ತಿಕೊಂಡು, ನಾಲ್ಕು ಮರದ ಮೆಟ್ಟಿಲಿನ ಮೇಲೆ ಕೂತಿದ್ದ ಡಬ್ಬಿಯಂಥ ಕೋಣೆ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಪ್ರಿನ್ಸಿಪಾಲರ ಹೆಸರು ಮಿಸೆಸ್ ಪಾಮರ್. ಹೆಸರು ಕಿವಿಗೆ ಬಿದ್ದಾಗಲೆಲ್ಲ ಮೈಥಿಲಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು, ಯಾಕೆಂದರೆ ಆಕೆ ಮಹಾ ಜಾಣೆ. ಆದರೆ ಆ ವರ್ಷ ಆಕೆಯ ಜಾಣತನವೆಲ್ಲ ಕಂಪ್ಯೂಟರುಗಳ ಪಾಲಾಗಿತ್ತು. ಹೊಸ ವರ್ಷದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಎಲ್ಲರೂ ಹೆದರಿದ್ದ ಕಾಲ. "ಏನಾದರೂ ಬೇಕಾದರೆ ಚೀಟಿ ಬರೆದು ನನ್ನ ಪೆಟ್ಟಿಗೆಗೆ ಹಾಕಿ," ಎಂದು ಹೇಳಿ ಹೋದ ಆಕೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಎಂಟನೇ ತರಗತಿ, ಮೂವತ್ತೊಂದು ಮಕ್ಕಳು. ಮೊದಲ ವಾರ ಮೈಥಿಲಿ ಮೈಸೂರಿನ ಪದ್ಧತಿಯಂತೆ ನೋಟ್ಸು ಹೇಳಿದಳು. ಬುಧವಾರದ ಹೊತ್ತಿಗೆ ಅರ್ಧ ತರಗತಿ ಆಕಳಿಸುತ್ತಿತ್ತು, ಇನ್ನರ್ಧ ಡೆಸ್ಕಿನ ಕೆಳಗೆ ಪೋಕೆಮಾನ್ ಕಾರ್ಡು ಬದಲಾಯಿಸಿಕೊಳ್ಳುತ್ತಿತ್ತು. ಪಾಠ ಅಮೆರಿಕದಲ್ಲಿದ್ದ ಇಂಗ್ಲಿಷರ ಹದಿಮೂರು ಕಾಲೊನಿಗಳದ್ದು, ಅಂದರೆ ವಸಾಹತುಗಳದ್ದು. ಹಿಂದಿನಿಂದ ಹೆಕ್ಟರ್ ಎಂಬ ಗುಂಗುರು ಕೂದಲಿನ ಹುಡುಗ ಕೈಯೆತ್ತಿದ.

"ಒಂದು ಪೌಂಡ್ ಟೀಗೆ ಮೂರು ಪೆನ್ನಿ ತೆರಿಗೆ. ಅಷ್ಟಕ್ಕೇ ಟೀಯೆಲ್ಲ ಸಮುದ್ರಕ್ಕೆ ಸುರಿದು ಯುದ್ಧ ಮಾಡಿದರಾ? ಅವರಿಗೆ ಬೇರೆ ಕೆಲಸ ಇರಲಿಲ್ವಾ?"

ತರಗತಿ ನಕ್ಕಿತು. ಇಂಗ್ಲಿಷರ ಆಳ್ವಿಕೆ ಎಂದರೆ ಮೈಥಿಲಿಗೆ ಗೊತ್ತಿದ್ದದ್ದು ಊರೂರಿಗೆ ಕುದುರೆ ಏರಿ ಬರುವ ಕಲೆಕ್ಟರು, ಗೇಣು ಗೇಣು ಹೊಲ ಅಳೆಯುವ ಸರ್ವೆ, ಉಪ್ಪಿಗೂ ಕಾವಲು. ಮೂರು ಪೆನ್ನಿಯ ತೆರಿಗೆ ಅವಳ ಲೆಕ್ಕಕ್ಕೂ ಸಣ್ಣದೇ. "ನಾಳೆ ಹೇಳ್ತೀನಿ," ಎಂದಳು; ಅಷ್ಟರಲ್ಲಿ ಗಂಟೆ ಹೊಡೆದು ಬಚಾವಾದಳು.

ಮಾರನೆಯ ಬೆಳಿಗ್ಗೆ ಸುಘೋಷ ಅವಳನ್ನು ಶಾಲೆಗೆ ಬಿಡಲು ಹೊರಟಿದ್ದ. ಅವನ ಕಂಪನಿ ಮಿಲ್ಪಿಟಾಸಿನಲ್ಲಿ. ಅದು ಏನು ತಯಾರಿಸುತ್ತದೆ ಎಂದು ಅವನೂ ಎರಡು ಸಲ ಒಂದೇ ರೀತಿ ಹೇಳಿದ್ದಿಲ್ಲ.

"ಏನ್ರೀ, ಇವತ್ತೂ ಟೀ ಶರ್ಟಾ? ಆಫೀಸಲ್ಲಿ ಯಾರೂ ಏನೂ ಅನ್ನಲ್ವಾ?"

"ಅನ್ನೋಕೆ ಯಾರಿದಾರೆ ಹೇಳು? ದುಡ್ಡು ಹಾಕಿದೋನು ಬಾಸ್ಟನ್ನಲ್ಲಿ ಕೂತಿದಾನೆ. ಹತ್ತು ತಿಂಗಳಾಯ್ತು, ಒಂದು ಫೋನಿಲ್ಲ. ನಾವೇ ರೂಲ್ಸು, ನಾವೇ ರಜಾ. ಮೀಟಿಂಗು ರೂಮಲ್ಲಿ ಪಿಂಗ್‌ಪಾಂಗ್ ಟೇಬಲು ಹಾಕಿದೀವಿ."

"ನಾಳೆ ಅವನು ಬಂದು ದಿನಾ ಬೆಳಿಗ್ಗೆ ಸೈನ್ ಮಾಡಿ ಅಂದ್ರೆ?"

"ಒಂದು ಸೈನಾ? ಏ, ಬಿಡ್ತೀವಾ! ದಂಗೆ ಎದ್ಬಿಡ್ತೀವಿ." ಸುಘೋಷ ಸ್ಟೀರಿಂಗಿನ ಮೇಲೆ ಗುದ್ದಿದ. "ಸೈನಿಗಲ್ಲ ಕಣೆ ಮೈಥಿಲಿ. ಇಷ್ಟು ದಿನ ಎಲ್ಲಿದ್ದೆ, ಈಗ ಕೇಳೋಕೆ ನೀನ್ಯಾರು ಅಂತ!"

ಮೈಥಿಲಿ ಇದ್ದಕ್ಕಿದ್ದಂತೆ ಜೋರಾಗಿ ನಗತೊಡಗಿದಳು. ಸುಘೋಷ ಗಾಬರಿಯಾಗಿ ಫ್ರೀವೇಯ ಬಲಗಡೆ ಸಾಲಿಗೆ ಕಾರು ತಂದ.

ಅವತ್ತು ಅವಳು ನೋಟ್ಸಿನ ಪುಸ್ತಕ ತೆರೆಯಲೇ ಇಲ್ಲ. ತನ್ನ ಮೇಜಿನ ಮುಂದೆ, ಗೋಡೆಯಿಂದ ಗೋಡೆಗೆ, ನೀಲಿ ಟೇಪು ಅಂಟಿಸಿದಳು.

"ಇದು ಸಮುದ್ರ. ಮೂರು ಸಾವಿರ ಮೈಲಿ. ಈ ಕಡೆ ನಾನು, ಲಂಡನ್. ಆ ಕಡೆ ನೀವು, ಕಾಲೊನಿ. ಒಂದು ಕಾಗದ ಹಡಗಿನಲ್ಲಿ ದಾಟೋಕೆ ಎರಡು ತಿಂಗಳು ಬೇಕು. ಅದಕ್ಕೇ ನನಗೇನು ಹೇಳಬೇಕಾದರೂ ಈ ಶೂ ಡಬ್ಬಿಗೆ ಬರೆದು ಹಾಕಿ. ಉತ್ತರ ಎರಡು ದಿನ ಬಿಟ್ಟು. ಮಧ್ಯೆ ಏನು ಮಾಡ್ತೀರೋ ನಿಮಗೆ ಬಿಟ್ಟದ್ದು. ದಿನಕ್ಕಿಷ್ಟು ಪುಟ ಓದಿರಬೇಕು, ಅಷ್ಟೇ."

ಚೀಟಿ ಎತ್ತಿ ಹೆಕ್ಟರನನ್ನು ಗವರ್ನರ್ ಮಾಡಿದಳು. ಕೋಣೆಯಲ್ಲಿದ್ದ ಒಂದೇ ಒಂದು ಗಾಲಿ ಕುರ್ಚಿ ಗವರ್ನರಿಗೆ. ಆದರೆ ವಾರವಾರವೂ ಆ ಕುರ್ಚಿ ಅವನಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಕ್ಕಳ ಸಭೆ, ಅಂದರೆ ಅಸೆಂಬ್ಲಿ. "ನಿಜವಾದ ಗವರ್ನರನ್ನೂ ಕಳಿಸ್ತಿದ್ದದ್ದು ರಾಜ, ಸಂಬಳ ಕೊಡ್ತಿದ್ದದ್ದು ಊರಿನವರು," ಎಂದಳು. ಜೊತೆಗೆ ಒಂದೇ ಕಾನೂನು: ಹೊರಗಿನ ತಿಂಡಿ ತಂದರೆ ಪೊಟ್ಟಣಕ್ಕೊಂದು ಪುಟ ಹೆಚ್ಚಿಗೆ ಹೋಮ್‌ವರ್ಕು. ಅದೇ ಸುಂಕ. ಕಾನೂನನ್ನು ಗೋಡೆಗೆ ಅಂಟಿಸಿ, ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಸಮುದ್ರದಾಚೆ ಕೂತು ಕುಡಿಯತೊಡಗಿದಳು.

ಮೊದಲ ದಿನ ಗದ್ದಲವೋ ಗದ್ದಲ. ಎರಡನೆಯ ದಿನ ಒಬ್ಬ ಹುಡುಗನ ಷೂ ಕಿಟಕಿಯಿಂದ ಹೊರಗೆ ಹಾರಿತು. ಮೈಥಿಲಿಯ ಕೈ ತುರಿಸಿತು, ಆದರೂ ಏಳಲಿಲ್ಲ. ಮೂರನೆಯ ದಿನ ಮಕ್ಕಳಿಗೇ ಬೇಸರ ಬಂತು. ಒಬ್ಬಳು ಹುಡುಗಿ ಡೆಸ್ಕು ಕುಟ್ಟಿ ಎಲ್ಲರನ್ನೂ ಕೂರಿಸಿದಳು. ಯಾರು ಯಾವಾಗ ಮಾತಾಡಬೇಕು, ಕಿಟಕಿ ಎಷ್ಟು ಹೊತ್ತು ತೆರೆದಿರಬೇಕು, ಪೋಕೆಮಾನ್ ಕಾರ್ಡಿನ ಜಗಳ ಯಾರು ಬಗೆಹರಿಸಬೇಕು, ಎಲ್ಲಕ್ಕೂ ಕೈಯೆತ್ತಿ ಓಟು ಹಾಕಿದರು. ಪುಸ್ತಕವನ್ನು ತುಂಡು ತುಂಡು ಮಾಡಿ ಹಂಚಿಕೊಂಡು, ಓದಿದವರು ಓದದವರಿಗೆ ಹೇಳಿಕೊಟ್ಟರು. ಎರಡನೇ ವಾರಕ್ಕೆ ಇವಳ ನೋಟ್ಸಿಗಿಂತ ನಾಲ್ಕು ಅಧ್ಯಾಯ ಮುಂದಿದ್ದರು! ಸಮುದ್ರದಾಚೆ ಮೈಥಿಲಿಗೆ ಕುಣಿಯಬೇಕೆನಿಸಿತು. ಒಂಬತ್ತು ವರ್ಷ ಗಂಟಲು ಹರಿದುಕೊಂಡದ್ದು ಯಾಕೆ ಎಂದು ಒಂದು ಕ್ಷಣ ಸಂಕಟವೂ ಆಯಿತು.

ಸುಂಕದ ಗತಿ ಮಾತ್ರ ನಗೆಪಾಟಲು. ತರಗತಿಯಲ್ಲಿ ಗಾನವಿ ಎಂಬ ಹುಡುಗಿಯಿದ್ದಳು. ಮಂಡ್ಯ ಕಡೆಯ ಮನೆತನ. ಶಾಲೆಯಿಂದ ಎರಡು ಬೀದಿ ಆಚೆ ಮನೆ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುವುದೆಲ್ಲ ಇಂಗ್ಲಿಷು. ಮನೆಯಲ್ಲಿ ಅಜ್ಜಿ ಕೆಂಪಮ್ಮ ಕರಿದ ಕೋಡುಬಳೆಯನ್ನು ಅವಳು ಜ್ಯಾಮಿಟ್ರಿ ಡಬ್ಬಿಯಲ್ಲಿ, ಸ್ವೆಟರಿನ ತೋಳಿನಲ್ಲಿ, ಕೊನೆಗೆ ಕೊಳಲಿನ ಪೆಟ್ಟಿಗೆಯಲ್ಲಿ ಕಳ್ಳಸಾಗಣೆ ಮಾಡಿದಳು. ಹದಿನೈದು ದಿನದಲ್ಲಿ ಮೆಕ್ಸಿಕೊ, ಫಿಲಿಪೀನ್ಸು, ವಿಯೆಟ್ನಾಮುಗಳ ಮಕ್ಕಳೆಲ್ಲ "ಕೋಡ್ಬೇಲೆ, ಕೋಡ್ಬೇಲೆ" ಎನ್ನುವಂತಾಯಿತು. ಸುಂಕ ವಸೂಲಿಗೆ ನೇಮಿಸಿದ್ದ ಹುಡುಗನ ಬಾಯಿ ಯಾವಾಗಲೂ ತುಂಬಿರುತ್ತಿದ್ದರಿಂದ ಅವನು ಯಾರನ್ನೂ ಏನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಂದು ಬೆಳಿಗ್ಗೆ ಶೂ ಡಬ್ಬಿಯಲ್ಲಿ, ಟಿಶ್ಯೂ ಕಾಗದದಲ್ಲಿ ಸುತ್ತಿದ ಎರಡು ಕೋಡುಬಳೆ ಇದ್ದವು. ಮೈಥಿಲಿ ಅತ್ತ ಇತ್ತ ನೋಡಿ ಟೀ ಜೊತೆ ತಿಂದಳು. ಗರಿಗರಿಯಾಗಿದ್ದವು. ಗೋಡೆಯ ಮೇಲಿನ ಕಾನೂನು ಗೋಡೆಯ ಮೇಲೇ ಉಳಿಯಿತು.

ಮೂರನೇ ವಾರ ಡಬ್ಬಿಯಲ್ಲಿ ಬೇರೆಯದೇ ಕಾಗದ ಸಿಕ್ಕಿತು. ಬರೆದವಳು ನಾಜಿಯಾ. ಆಫ್ಘಾನಿಸ್ತಾನದಿಂದ ಬಂದು ಒಂದು ವರ್ಷವಾಗಿದ್ದ, ಮಾತೇ ಆಡದ ಹುಡುಗಿ. "ನಾವು ನಾಲ್ಕು ಜನ ಇಂಗ್ಲಿಷ್ ಕಲಿಯಲು ಬೇರೆ ಕೋಣೆಗೆ ಹೋಗಿದ್ದಾಗ ಸಭೆ ಶುರುವಾಯಿತು. ಅದಕ್ಕೆ ನಮಗೆ ಓಟಿಲ್ಲ ಅನ್ನುತ್ತಾರೆ. ದಿನಾ ಬೋರ್ಡು ಒರೆಸುವುದು, ಕಸ ಎತ್ತುವುದು ನಾವೇ. ಲಂಡನ್ನಿಗೆ ಇದು ಗೊತ್ತಾ?"

ಕಾಗದದ ತಾರೀಕು ನೋಡಿ ಮೈಥಿಲಿಯ ಮುಖ ಬಿಸಿಯಾಯಿತು. ಅವಳದೇ ನಿಯಮದಿಂದಾಗಿ, ಬರೆದು ಎರಡು ದಿನವಾಗಿತ್ತು. ಗದ್ದಲದ ಸೊಗಸು ನೋಡುತ್ತ ಕೂತಿದ್ದ ಅವಳಿಗೆ ಕೊನೆಯ ಸಾಲಿನ ಮಕ್ಕಳು ಕಂಡೇ ಇರಲಿಲ್ಲ. ಅವಳು ಹೆಕ್ಟರನನ್ನು ಟೇಪಿನ ಹತ್ತಿರ ಕರೆದು, ಇದನ್ನು ಸರಿಮಾಡು ಎಂದಳು.

ಅವನು ಗಾಲಿ ಕುರ್ಚಿಯಲ್ಲೇ ಉರುಳಿಕೊಂಡು ಬಂದು ತಲೆ ಕೆರೆದುಕೊಂಡ. ಮೈಥಿಲಿ ಮಕ್ಕಳ ಬಾಯಲ್ಲಿ ಮಿಸೆಸ್ ಎಮ್ ಆಗಿದ್ದಳು. "ಮಾಡಬಹುದು ಮಿಸೆಸ್ ಎಮ್. ಆದರೆ ನಾನು ಲಂಡನ್ ಮಾತು ಕೇಳಿದರೆ ಶುಕ್ರವಾರ ಕುರ್ಚಿ ಕಿತ್ಕೋತಾರೆ."

ಮೈಥಿಲಿ ಸಮುದ್ರ ದಾಟಿ ಕಾಲೊನಿಯ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಆವತ್ತು ಆಟ ಆಡಿಸಲಿಲ್ಲ. ನಿಜವಾದ ಕಾಲೊನಿಗಳ ಕಥೆ ಹೇಳಿದಳು. ನೂರು ವರ್ಷ ಲಂಡನ್ನಿನ ಮಂತ್ರಿಗಳು ವ್ಯಾಪಾರ ನಡೆದರೆ ಸಾಕು ಎಂದು ಕಣ್ಣು ಮುಚ್ಚಿ ಕೂತದ್ದು, ಊರಿನವರು ತಮ್ಮ ಸಭೆ, ತಮ್ಮ ಕಾನೂನು, ತಮ್ಮ ಪತ್ರಿಕೆ ಎಂದು ಬೆಳೆದದ್ದು. "ಆದರೆ ಆ ಸಭೆಗಳಲ್ಲಿ ಕೂತಿದ್ದವರು ಯಾರು? ಜಮೀನಿದ್ದ ಗಂಡಸರು. ಹೊಗೆಸೊಪ್ಪಿನ ಹೊಲದಲ್ಲಿ ದುಡೀತಿದ್ದ ಗುಲಾಮರನ್ನ ಯಾರೂ ಕೇಳಲಿಲ್ಲ. ಆ ನೆಲದಲ್ಲಿ ಮೊದಲಿಂದ ಇದ್ದ ಬುಡಕಟ್ಟಿನವರನ್ನ ಕೇಳಲಿಲ್ಲ. ನೋಡೋರು ದೂರ ಇದ್ದಾಗ ಸ್ವಾತಂತ್ರ್ಯಾನೂ ಬೆಳೆಯುತ್ತೆ, ಅನ್ಯಾಯಾನೂ ಬೆಳೆಯುತ್ತೆ. ಎರಡಕ್ಕೂ ಅದೇ ನೀರು."

ಅಸೆಂಬ್ಲಿ ಬಹಳ ಹೊತ್ತು ಗುಸುಗುಸು ಮಾಡಿ, "ಈ ವಿಷಯವನ್ನು ಮುಂದಿನ ವಾರ ಪರಿಶೀಲಿಸಲಾಗುವುದು" ಎಂದು ಬರೆದುಕೊಟ್ಟಿತು. ಮೈಥಿಲಿಗೆ ಮೈಸೂರಿನ ಸರ್ಕಾರಿ ಕಚೇರಿಗಳೆಲ್ಲ ಕಣ್ಣಮುಂದೆ ಬಂದವು. ನಾಜಿಯಾ ಆ ಕಾಗದ ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡಳು.

ಐದನೇ ವಾರ ಮೈಥಿಲಿ ಆಟವನ್ನು ತಿರುಗಿಸಿದಳು. ಸೋಮವಾರ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದಳು: 1763. ಫ್ರೆಂಚರ ಮೇಲಿನ ಯುದ್ಧ ಮುಗಿಯಿತು. ಲಂಡನ್ನಿನ ಖಜಾನೆ ಬರಿದು. ಇನ್ನು ಮೇಲೆ ಎಲ್ಲ ಕಾನೂನು ಜಾರಿ.

ಆಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಚೀಲ ನೋಡಿದಳು. ಬರೆಯುವ ಪ್ರತಿ ಹಾಳೆಗೂ ತನ್ನ ನೀಲಿ ಮುದ್ರೆ ಬೇಕೆಂದಳು. ಮುದ್ರೆಗೆ ಸಾಲು, ಸಾಲಿನಲ್ಲಿ ಮಾತಾಡಿದರೆ ಹಿಂದಕ್ಕೆ. ಮುದ್ರೆ ಒತ್ತಲು ಅರ್ಧ ನಿಮಿಷವೂ ಬೇಡ. ಹಿಂದೆ ಅವರೇ ಹಾಕಿಕೊಂಡಿದ್ದ ನಿಯಮಗಳು ಇದಕ್ಕಿಂತ ಬಿಗಿ. ಆದರೂ ಮಕ್ಕಳ ಮುಖ ಕೆಂಪೇರಿತು. ಬುಧವಾರ ಅವಳು ಕೊಳಲಿನ ಪೆಟ್ಟಿಗೆ ತೆರೆಸಿ ಇಪ್ಪತ್ತು ಕೋಡುಬಳೆ ಜಪ್ತಿ ಮಾಡಿದಳು.

"ನಾಟ್ ಫೇರ್, ಆಂಟಿ! ಐ ಮೀನ್, ಮಿಸೆಸ್ ಎಮ್!" ಗಾನವಿ ಕಿರುಚಿದಳು. "ಯೂ ಏಟ್ ದೆಮ್ ಟೂ!"

"ಅದು ಹಳೇ ಮಂತ್ರಿಮಂಡಲ," ಎಂದಳು ಮೈಥಿಲಿ ಕನ್ನಡದಲ್ಲಿ, ನಗು ನುಂಗಿಕೊಂಡು.

ಗುರುವಾರ ಬೆಳಿಗ್ಗೆ ಅವಳು ಶಾಲೆಯ ಕಚೇರಿಗೆ ಹೋಗಿ ತನ್ನ ಹೆಸರಿನ ಪೆಟ್ಟಿಗೆ ನೋಡಿದಾಗ ಅದರಲ್ಲೊಂದು ಚೀಟಿಯಿತ್ತು. ಜಿಲ್ಲಾ ಶಿಕ್ಷಣ ಕಚೇರಿಯ ಮಿಸ್ಟರ್ ಕ್ಲೈನ್ ಎಂಬುವರು ಗುರುವಾರ ಬೆಳಿಗ್ಗೆಯೇ ಅವಳ ತರಗತಿ ನೋಡಲು ಬರುತ್ತಾರೆ, ಅವಳನ್ನು ಉಳಿಸಿಕೊಳ್ಳುವ ಮಾತು ಆಮೇಲೆ, ಎಂದಿತ್ತು. ಚೀಟಿ ಬಂದು ಮೂರು ದಿನವಾಗಿತ್ತು. ನೋಡಲು ಇವಳಿಗೆ ಪುರುಸೊತ್ತಾಗಿರಲಿಲ್ಲ. ಮೈಥಿಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಆಟದ ಬಯಲಿನ ಮೇಲೆ ಓಡಿದಳು. ಅವಳ ಹಿಂದೆಯೇ ಮಿಸೆಸ್ ಪಾಮರ್, ಕಂದು ಕೋಟಿನ ತೆಳ್ಳನೆಯ ಮಿಸ್ಟರ್ ಕ್ಲೈನ್ ಬಿರಬಿರನೆ ಬರುತ್ತಿದ್ದರು.

ಹದಿನಾಲ್ಕನೇ ಕೋಣೆಯ ಮೆಟ್ಟಿಲ ಮೇಲೆ ದಂಗೆ ನಡೆದಿತ್ತು. ಹೆಕ್ಟರ್ ಅವಳ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಮೂವತ್ತು ಗಂಟಲುಗಳ ಕೂಗಿನ ಮಧ್ಯೆ ಶುಂಠಿ ಟೀಯನ್ನು ಹುಲ್ಲಿನ ಮೇಲೆ ಸುರಿಯುತ್ತಿದ್ದ. ಮುದ್ರೆಯ ನೀಲಿ ಮಸಿ ಅರ್ಧ ತರಗತಿಯ ಮೂಗಿನ ಮೇಲಿತ್ತು. ನೀಲಿ ಟೇಪಿನ ಸಮುದ್ರವನ್ನು ಕಿತ್ತು ಉಂಡೆಮಾಡಿ ಯಾರೋ ತಲೆಗೆ ಕಿರೀಟದಂತೆ ಕಟ್ಟಿಕೊಂಡಿದ್ದರು.

ಇದು ಸಾಲದು ಎಂಬಂತೆ ಪಕ್ಕದ ಗೇಟಿನಿಂದ ಕೆಂಪಮ್ಮ ನುಗ್ಗಿ ಬಂದರು. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಸ್ಪೋರ್ಟ್ಸ್ ಷೂ, ಕಂಕುಳಲ್ಲಿ ದೊಡ್ಡ ಸ್ಟೀಲು ಡಬ್ಬ.

"ಯಾರವ್ವಾ ಇಲ್ಲಿ ಟೀಚರಮ್ಮ? ನೀನೇಯಾ? ನನ್ ಮೊಮ್ಮಗಳ ಕೋಡುಬಳೆ ಕಿತ್ಕಂಡ್ಯಂತೆ? ಕನ್ನಡದೋಳಾಗಿ ಹಿಂಗ್ ಮಾಡ್‌ಬೌದಾ? ಮಗು ನಿನ್ನೆಯಿಂದ ಮಾತಾಡ್ತಿಲ್ಲ, ಬರೀ ಕಾಗದ ಬರೀತಾ ಕುಂತವ್ಳೆ!"

"ಅಜ್ಜಿ, ಅದು ಪಾಠ, ನಿಜವಾದ ಜಪ್ತಿ ಅಲ್ಲ..."

"ತಿನ್ನೋ ಪದಾರ್ಥದಲ್ಲಿ ಎಂಥ ಪಾಠ?" ಎಂದವರೇ ಕೆಂಪಮ್ಮ ಡಬ್ಬದ ಮುಚ್ಚಳ ತೆಗೆದು ಮಕ್ಕಳತ್ತ ಚಾಚಿದರು. ದಂಗೆಕೋರರು ಅಲ್ಲೇ ಸಾಲುಗಟ್ಟಿದರು. ಮಿಸ್ಟರ್ ಕ್ಲೈನ್ ಬೆರಗಾಗಿ ನೋಡುತ್ತಿದ್ದಾಗ ಅವರ ಕೈಗೂ ಒಂದು ಬಿತ್ತು.

ಕೆಲಸ ಹೋಯಿತು, ಸರಿ, ಎಂದುಕೊಂಡಳು ಮೈಥಿಲಿ. ಆದರೆ ಹೊಟ್ಟೆಯೊಳಗಿಂದ ಎದ್ದು ಬರುತ್ತಿದ್ದ ನಗು ಮಾತ್ರ ನಿಲ್ಲಲಿಲ್ಲ.

ಮಿಸ್ಟರ್ ಕ್ಲೈನ್ ಹೆಕ್ಟರನ ಕಡೆ ತಿರುಗಿದರು. "ಇದೇನು ನಡೀತಿದೆ ಇಲ್ಲಿ?"

"ಲಂಡನ್ನಿನ ಟೀ ಚೆಲ್ಲಿದ್ವಿ ಸರ್."

"ಯಾಕೆ? ತೆರಿಗೆ ಅಷ್ಟು ಜಾಸ್ತಿಯಿತ್ತಾ?"

ಹೆಕ್ಟರ್ ಫ್ಲಾಸ್ಕು ಕೆಳಗಿಟ್ಟು ಯೋಚಿಸಿದ. "ತೆರಿಗೆ ಏನೂ ಇಲ್ಲ ಸರ್. ಒಂದು ಮುದ್ರೆ, ಅರ್ಧ ನಿಮಿಷ. ಆದರೆ ಇಷ್ಟು ದಿನ ನಮ್ಮನ್ನ ಯಾರೂ ಕೇಳಿರಲಿಲ್ಲ. ನಾವೇ ಎಲ್ಲ ಮಾಡ್ಕೊಂಡ್ವಿ. ಮಾಡ್ಕೊಂಡು ಮಾಡ್ಕೊಂಡು ಅದು ನಮ್ಮದೇ ಆಗೋಯ್ತು. ಈಗ ಬಂದು ಲಂಡನ್ನಿನದು ಅಂದರೆ..." ಅವನು ಮೈಥಿಲಿಯನ್ನು ನೋಡಿದ. "ನಾನು ಮೊದಲ ವಾರ ಕೇಳಿದ್ದೆನಲ್ಲ ಮಿಸೆಸ್ ಎಮ್, ಮೂರು ಪೆನ್ನಿಗೆ ಯುದ್ಧಾನಾ ಅಂತ? ಮೂರು ಪೆನ್ನಿಗಲ್ಲ."

ಮಿಸ್ಟರ್ ಕ್ಲೈನ್ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದ್ದರು.

ಗಾನವಿ ಇಡೀ ರಾತ್ರಿ ಬರೆದಿದ್ದ ಸ್ವಾತಂತ್ರ್ಯದ ಘೋಷಣೆಯನ್ನು ಮೆಟ್ಟಿಲ ಮೇಲೆ ಹರಡಿದಳು. ಮಕ್ಕಳು ಸಹಿ ಹಾಕಲು ಮುಗಿಬಿದ್ದರು. ಆಗ ಹಿಂದಿನಿಂದ ಒಂದು ಸಣ್ಣ ದನಿ, "ನಾವು ನಾಲ್ಕು ಜನ ಹಾಕಲ್ಲ."

ಎಲ್ಲರೂ ತಿರುಗಿದರು. ನಾಜಿಯಾ ಜೇಬಿನಿಂದ ಆ ಮಡಿಸಿದ ಕಾಗದ ತೆಗೆದು ಬಿಡಿಸಿ ಹಿಡಿದಳು. "ಮುಂದಿನ ವಾರ ಅಂದಿರಿ. ಮುಂದಿನ ವಾರ ಕಳೆದೇ ಹೋಯಿತು. ಇದರಲ್ಲಿ 'ನಾವೆಲ್ಲರೂ' ಅಂತ ಬರೆದಿದೀರಿ. ನಾವೂ ಅದರಲ್ಲಿ ಇದೀವಾ, ಇಲ್ವಾ? ಈಗ ಹೇಳಿ."

ಮೈಥಿಲಿ ತುಟಿ ಕಚ್ಚಿ ನಿಂತಳು. ಒಂದು ಮಾತಾಡಿದರೂ ಎಲ್ಲ ಕೆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗಾನವಿ ಹೆಕ್ಟರನನ್ನು ನೋಡಿದಳು. ಅವನು ನೆಲ ನೋಡಿದ. ಆಮೇಲೆ ಅವನೇ ಮೊದಲು ಕೈಯೆತ್ತಿದ. ಗಾನವಿಯ ಕೈ ಮೇಲೆದ್ದಿತು. ಒಂದೊಂದಾಗಿ ಕೈಗಳೆದ್ದವು, ಕೊನೆಗೆ ಎಣಿಸುವ ಅಗತ್ಯವೇ ಉಳಿಯಲಿಲ್ಲ. ಏನೆಂದು ತಿಳಿಯದಿದ್ದರೂ ಕೆಂಪಮ್ಮನೂ ಒಂದು ಕೈ ಎತ್ತಿದರು. ನಾಜಿಯಾ ಮೆಟ್ಟಿಲಿಳಿದು ಬಂದು, ಪೆನ್ನು ಇಸಿದುಕೊಂಡು, ಎಲ್ಲರ ಸಹಿಗಿಂತ ದೊಡ್ಡದಾಗಿ ತನ್ನ ಹೆಸರು ಬರೆದಳು.

ಮಿಸೆಸ್ ಪಾಮರ್ ಮೈಥಿಲಿಯ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಐದು ವಾರದಿಂದ ಇಲ್ಲಿ ಇದು ನಡೀತಿದೆ. ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಮೇಡಂ," ಎಂದಳು ಮೈಥಿಲಿ.

ಆಕೆ ಎಷ್ಟು ಜೋರಾಗಿ ನಕ್ಕರೆಂದರೆ ಕನ್ನಡಕ ಹುಲ್ಲಿಗೆ ಬಿತ್ತು. ಮಿಸ್ಟರ್ ಕ್ಲೈನ್ ತಮ್ಮ ಕಾಗದದ ಮೇಲೆ ಏನೋ ಗೀಚಿದರು. ವರ್ಷ ಮುಗಿಯುವವರೆಗೆ ಇವರೇ ಇರಲಿ, ಮೂವತ್ತು ದಿನ ಮೀರಿ ಇರಲು ಬೇಕಾದ ಪರವಾನಗಿಗೆ ನಾನೇ ಬರೆಯುತ್ತೇನೆ, ಬಿಸಿ ಟೀ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಎಂದು ಹೇಳಿ ಕೋಟಿನ ಮೇಲಿನ ಪುಡಿ ಕೊಡವಿಕೊಂಡು ಹೋದರು.

ಮೈಥಿಲಿ ಹಾರುವ ಹೆಜ್ಜೆಯಲ್ಲಿ ಮೆಟ್ಟಿಲೇರಿ ಬಾಗಿಲಿಗೆ ಬಂದಳು. ಹೆಕ್ಟರ್ ಅಡ್ಡ ನಿಂತ.

"ಎಲ್ಲಿಗೆ?"

"ಒಳಗೆ. ಪಾಠಕ್ಕೆ."

"ನೀವು ಲಂಡನ್. ನಮಗೂ ನಿಮಗೂ ಈಗ ಸಂಬಂಧ ಇಲ್ಲ. ನಾವು ಸಂವಿಧಾನ ಬರೀಬೇಕು." ಬಾಗಿಲು ಮುಚ್ಚಿಕೊಂಡಿತು.

ಕೆಂಪಮ್ಮ ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗ ತಟ್ಟಿದರು. "ಕುಂತ್ಕವ್ವಾ. ಬೋ ಸುಸ್ತಾಗಿದ್ದೀಯ." ಮೈಥಿಲಿ ಕೂತಳು. ಒಳಗೆ ಆಗಲೇ ಜಗಳ ಶುರುವಾಗಿತ್ತು. ಗಾಲಿ ಕುರ್ಚಿ ಇರಬೇಕೋ ಬೇಡವೋ ಎಂದು ಐದಾರು ಜನ ಒಟ್ಟಿಗೆ ಅರಚುತ್ತಿದ್ದರು, ಅವರೆಲ್ಲರ ದನಿಯ ಮೇಲೆ ನಾಜಿಯಾಳ ದನಿ ಏರಿ ಏರಿ ಬರುತ್ತಿತ್ತು. ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆದು ಗಾನವಿ ತಲೆ ಹೊರಗೆ ಹಾಕಿದಳು.

"ನೀವು... ಒಳಗೆ ಬರಬೌದು," ಎಂದಳು ತಡವರಿಸಿ, ಕನ್ನಡದಲ್ಲಿ. "ಬಟ್ ಓನ್ಲಿ ಆಸ್ ಅಂಬಾಸಿಡರ್. ಲಾಸ್ಟ್ ಬೆಂಚ್."

ಮೈಥಿಲಿ ನೆರಿಗೆ ಸರಿಮಾಡಿಕೊಂಡು, ರಾಯಭಾರಿಗೆ ತಕ್ಕ ಗಾಂಭೀರ್ಯದಿಂದ ಒಳಗೆ ನಡೆದು, ಕೊನೆಯ ಬೆಂಚಿನಲ್ಲಿ ಕೂತುಕೊಂಡಳು.